ನಿಯಮಪುಸ್ತಕದೊಳಗಿಂದ ಎದ್ದು ನಡೆದ ಮೂವರು

ಒಂದು ಮಠದ ನಿಯಮಪುಸ್ತಕದಲ್ಲಿ ಏನೇನಿರಬಹುದು? ಎಷ್ಟು ಹೊತ್ತಿಗೆ ಏಳಬೇಕು, ಯಾವ ಕೀರ್ತನೆ ಮುಗಿದ ಮೇಲೆ ಯಾವುದನ್ನು ಎತ್ತಿಕೊಳ್ಳಬೇಕು, ರಾಜನ ಕ್ಷೇಮಕ್ಕೆ ಯಾವ ಪ್ರಾರ್ಥನೆ, ಕೊರೆಯುವ ಚಳಿಯಲ್ಲಿ ಬೆಂಕಿ ಹಾಕಿದ ಕೋಣೆಗೆ ಹೋಗಬಹುದೋ ಬಾರದೋ, ಶನಿವಾರ ಕಾಲು ತೊಳೆಯುವ ಸೇವೆ ಹೇಗೆ ನಡೆಯಬೇಕು. ಕ್ರಿ.ಶ. 970ರ ಆಸುಪಾಸಿನಲ್ಲಿ ಇಂಗ್ಲೆಂಡಿನ ವಿಂಚೆಸ್ಟರಿನಲ್ಲಿ ಸಿದ್ಧವಾದ ‘ರೆಗ್ಯುಲಾರಿಸ್ ಕಾನ್ಕಾರ್ಡಿಯಾ’ ಇಂಥದೇ ಪುಸ್ತಕ. ಎಡ್ಗರ್ ದೊರೆಯ ಕಾಲ ಅದು. ದೇಶದ ಮಠಗಳೆಲ್ಲ ಒಂದೇ ಶಿಸ್ತಿನಲ್ಲಿ ನಡೆಯಲಿ ಎಂದು ಅಲ್ಲಿನ ಧರ್ಮಾಧ್ಯಕ್ಷ ಈಥಲ್‌ವೋಲ್ಡ್ ಇದನ್ನು ಕಟ್ಟಿದರು. ಫ್ರಾನ್ಸಿನ ಫ್ಲೂರಿ ಮಠದಿಂದಲೂ ಗೆಂಟ್ ಊರಿನಿಂದಲೂ ಸನ್ಯಾಸಿಗಳನ್ನು ಸಲಹೆಗೆ ಕರೆಸಿಕೊಂಡರು. ಪುಟ ಮಗುಚುತ್ತ ಹೋದರೆ ಬರೀ ಗಂಟೆ, ಮೇಣದಬತ್ತಿ, ಕೀರ್ತನೆಗಳ ಕ್ರಮ. ಕಣ್ಣು ಎಳೆಯತೊಡಗುತ್ತದೆ. ಅಷ್ಟರಲ್ಲಿ ಪಾಸ್ಖ ಹಬ್ಬದ ರಾತ್ರಿ ಬರುತ್ತದೆ. ಪುಸ್ತಕ ಇದ್ದಕ್ಕಿದ್ದಂತೆ ಎದ್ದು ನಡೆಯತೊಡಗುತ್ತದೆ!

ನಿಜವಾಗಿಯೂ ನಡೆಯುತ್ತದೆ. ಹಬ್ಬದ ಬೆಳಗಿನ ಜಾವ, ಕತ್ತಲಿನ್ನೂ ಹರಿದಿಲ್ಲ. ಮೂರನೆಯ ವಾಚನ ನಡೆಯುತ್ತಿರುವಾಗಲೇ ನಾಲ್ವರು ಸೋದರರು ಉಡುಪು ಬದಲಿಸಬೇಕು ಎನ್ನುತ್ತದೆ ನಿಯಮ. ಅವರಲ್ಲೊಬ್ಬ ಬಿಳಿ ನಿಲುವಂಗಿ ತೊಟ್ಟು, ಬೇರೇನೋ ಕೆಲಸಕ್ಕೆ ಹೋಗುವವನಂತೆ ಯಾರ ಗಮನಕ್ಕೂ ಬಾರದೆ ಸಮಾಧಿಯ ಜಾಗಕ್ಕೆ ಹೋಗಿ, ಕೈಯಲ್ಲಿ ತಾಳೆಗರಿ ಹಿಡಿದು ಸುಮ್ಮನೆ ಕೂತಿರಬೇಕು. ಉಳಿದ ಮೂವರು ಮೇಲ್ಹೊದಿಕೆ ಹೊದ್ದು, ಧೂಪಾರತಿ ಹಿಡಿದು, ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು, ಏನನ್ನೋ ಕಳೆದುಕೊಂಡು ಅರಸುತ್ತಿರುವವರ ಹಾಗೆ ಬರಬೇಕು. ಕೂತವನು ದೇವದೂತ. ಬರುವವರು ಸುಗಂಧ ಹೊತ್ತು ಯೇಸುವಿನ ಸಮಾಧಿಗೆ ಬಂದ ಹೆಂಗಸರು. ದಾರಿ ತಪ್ಪಿದವರಂತೆ ಬರುತ್ತಿರುವ ಆ ಮೂವರನ್ನು ಕಂಡೊಡನೆ ದೇವದೂತ ತಗ್ಗಿದ ಇಂಪಾದ ದನಿಯಲ್ಲಿ, ನೀವು ಹುಡುಕುತ್ತಿರುವುದು ಯಾರನ್ನು ಎಂದು ಹಾಡಿ ಕೇಳುತ್ತಾನೆ. ನಜರೇತಿನ ಯೇಸುವನ್ನು ಎಂದು ಮೂವರೂ ಒಂದೇ ಕಂಠದಲ್ಲಿ ಉತ್ತರಿಸುತ್ತಾರೆ. ಅವರು ಇಲ್ಲಿಲ್ಲ, ಎದ್ದಿದ್ದಾರೆ, ಹೋಗಿ ಸಾರಿರಿ ಎಂಬುದು ಅವನ ಮಾತು. ಮೂವರು ಗಾಯಕರ ಕಡೆ ತಿರುಗಿ ಸುದ್ದಿ ಮುಟ್ಟಿಸುತ್ತಿದ್ದಂತೆ ದೇವದೂತ ಅವರನ್ನು ಮತ್ತೆ ಹಿಂದಕ್ಕೆ ಕರೆಯುತ್ತಾನೆ. ಎದ್ದು ನಿಂತು ಪರದೆ ಸರಿಸಿ ತೋರಿಸುತ್ತಾನೆ: ಒಳಗೆ ಶಿಲುಬೆಯಿಲ್ಲ, ಅದಕ್ಕೆ ಸುತ್ತಿದ್ದ ನಾರುಬಟ್ಟೆ ಮಾತ್ರ ಬಿದ್ದಿದೆ. ಮೂವರೂ ಧೂಪಾರತಿಗಳನ್ನು ಅಲ್ಲೇ ಇಟ್ಟು, ಆ ಬಟ್ಟೆಯನ್ನೆತ್ತಿ, ನೆರೆದವರೆಲ್ಲರಿಗೂ ಕಾಣುವಂತೆ ಬಿಚ್ಚಿ ಹಿಡಿಯುತ್ತಾರೆ. ಮಠದ ಹಿರಿಯ ಕೃತಜ್ಞತಾಸ್ತುತಿಯನ್ನು ಎತ್ತಿಕೊಳ್ಳುತ್ತಾನೆ. ಇದ್ದಬದ್ದ ಗಂಟೆಗಳೆಲ್ಲ ಒಟ್ಟಿಗೆ ಬಾರಿಸತೊಡಗುತ್ತವೆ!

ವೇಷ, ಕೈಯಲ್ಲಿ ಹಿಡಿಯುವ ವಸ್ತು, ಪ್ರವೇಶ, ನಡಿಗೆಯ ರೀತಿ, ದನಿಯ ಮಟ್ಟ, ಸಂಭಾಷಣೆ, ತೆರೆ ಸರಿಯುವ ಗಳಿಗೆ. ಒಂದು ರಂಗಪ್ರತಿಗೆ ಇನ್ನೇನು ಬೇಕು? ಗ್ರೀಕ್, ರೋಮನ್ ರಂಗಭೂಮಿಗಳು ಮುಚ್ಚಿ ಶತಮಾನಗಳೇ ಕಳೆದಿದ್ದವು. ಮಧ್ಯಯುಗದ ಯುರೋಪಿನ ನಾಟಕದ ಚರಿತ್ರೆ ಬರೆದವರಲ್ಲಿ ಹೆಚ್ಚಿನವರು ಬಂದು ನಿಲ್ಲುವುದು ಈ ಒಂದು ಪುಟದ ಮುಂದೆ. 1933ರಲ್ಲಿ ಕಾರ್ಲ್ ಯಂಗ್ ಇಂಥ ಪಠ್ಯಗಳನ್ನು ಹೆಕ್ಕಿ ಎರಡು ದಪ್ಪ ಸಂಪುಟ ತಂದರು. ಇದು ನಾಟಕವೋ ಪೂಜೆಯೋ ಎಂಬ ಜಗಳ ಈಗಲೂ ಇದೆ. 1965ರಲ್ಲಿ ಒ. ಬಿ. ಹಾರ್ಡಿಸನ್, ಪೂಜೆಯೇ ಆಗಿನವರ ನಾಟಕ ಎಂದು ವಾದಿಸಿದರು. ನನಗೆ ಆ ಜಗಳಕ್ಕಿಂತ ಕುತೂಹಲದ ಸಂಗತಿ ಬೇರೆಯದು. ಮಾತೇ ಆಡಬಾರದೆಂಬ ಶಿಸ್ತಿನಲ್ಲಿ ಬದುಕುವ, ಇಡೀ ವರ್ಷ ಗ್ರಂಥ ಓದುವ ಮನುಷ್ಯರಿಗೆ ಓದಿದ್ದನ್ನು ಹೀಗೆ ಎದ್ದು ನಡೆಯಬೇಕೆನಿಸಿದ್ದಾದರೂ ಹೇಗೆ?

ಸುಳಿವು ಆ ದೇವದೂತನ ಪ್ರಶ್ನೆಯಲ್ಲೇ ಇದೆ. ಬೈಬಲ್ ತೆಗೆದು ನೋಡಿ, ಸಮಾಧಿಯ ಬಳಿ ದೇವದೂತ ಆ ಪ್ರಶ್ನೆ ಕೇಳುವುದು ನಾಲ್ಕು ಶುಭಸಂದೇಶಗಳಲ್ಲಿ ಎಲ್ಲಿಯೂ ಇಲ್ಲ! ಮತ್ತಾಯ, ಮಾರ್ಕರಲ್ಲಿ ಅವನು ಕೇಳುವುದೇ ಇಲ್ಲ. ಬಂದವರು ಯಾರನ್ನು ಅರಸಿ ಬಂದರೆಂದು ತಾನೇ ಹೇಳಿಬಿಡುತ್ತಾನೆ. ಲೂಕನಲ್ಲಿ ಪ್ರಶ್ನೆಯಿದೆ, ಆದರೆ ಅದು ‘ಯಾರನ್ನು’ ಎಂಬುದಲ್ಲ, ಬದುಕಿರುವವರನ್ನು ಸತ್ತವರ ನಡುವೆ ‘ಏಕೆ’ ಹುಡುಕುತ್ತೀರಿ ಎಂಬ ತುಸು ಗದರಿಕೆಯ ಪ್ರಶ್ನೆ. ಯೊವಾನ್ನನಲ್ಲಿ ‘ಯಾರನ್ನು’ ಎಂಬ ಪ್ರಶ್ನೆ ಬರುತ್ತದೆ, ಆದರೆ ಕೇಳುವವರು ಎದ್ದುಬಂದ ಯೇಸುವೇ, ಅದೂ ಅಳುತ್ತ ನಿಂತ ಮಗ್ದಲದ ಮರಿಯಳೊಬ್ಬಳನ್ನು. ಅವಳೋ ಹೆಸರನ್ನೇ ಹೇಳುವುದಿಲ್ಲ. ಹಾಗಾದರೆ ಆ ಪ್ರಶ್ನೆ ಮತ್ತು ನಜರೇತಿನ ಯೇಸು ಎಂಬ ಆ ಉತ್ತರ ಎರಡೂ ಜೊತೆಯಾಗಿ ಬರುವುದೆಲ್ಲಿ?

ಎರಡು ಅಧ್ಯಾಯ ಹಿಂದಕ್ಕೆ ಹೋಗಬೇಕು. ಯೊವಾನ್ನನ ಹದಿನೆಂಟನೆಯ ಅಧ್ಯಾಯ. ಸೆರೆಯ ರಾತ್ರಿ, ಕೆದ್ರೋನ್ ಹಳ್ಳದ ಆಚೆಯ ತೋಟ, ಪಂಜು ದೀಪ ಆಯುಧ ಹಿಡಿದು ಬಂದ ಸೈನಿಕರು. ಯೇಸು ತಾವಾಗಿ ಮುಂದೆ ಬಂದು, ಯಾರನ್ನು ಹುಡುಕುತ್ತಿದ್ದೀರೆಂದು ಕೇಳುತ್ತಾರೆ. ನಜರೇತಿನ ಯೇಸುವನ್ನು ಎಂಬ ಉತ್ತರ ಬರುವುದು ಆ ಸೈನಿಕರ ಬಾಯಿಂದ! ಬಂಧಿಸಲು ಬಂದವರ ಮಾತನ್ನು ಎತ್ತಿ, ಸುಗಂಧ ಹೊತ್ತು ಬಂದ ಹೆಂಗಸರ ಬಾಯಿಗೆ ಇಟ್ಟಂತಾಗಿದೆ. ಸೆರೆಯ ತೋಟದ ಪ್ರಶ್ನೋತ್ತರ ಸಮಾಧಿಯ ತೋಟಕ್ಕೆ ಬಂದಿದೆ. ಇದನ್ನು ಮೊದಲು ಹೊಂದಿಸಿದ ಸನ್ಯಾಸಿಯ ಹೆಸರು ಯಾವ ಹಸ್ತಪ್ರತಿಯಲ್ಲೂ ಇಲ್ಲ. ನಮಗೆ ದಕ್ಕಿದ ಅತಿ ಹಳೆಯ ಪ್ರತಿ ಫ್ರಾನ್ಸಿನ ಲಿಮೋಜ್ ಊರಿನ ಸಂತ ಮಾರ್ಶಿಯಲ್ ಮಠದ್ದು, 920–930ರ ದಶಕಗಳ ಕಾಲದ್ದು; ಇನ್ನೊಂದು ಸ್ವಿಟ್ಜರ್ಲೆಂಡಿನ ಸಂತ ಗಾಲ್ ಮಠದ್ದು, ಅದೇ ಶತಮಾನದ ನಡುವಿನದು. ಎರಡೂ ಕಡೆ ಇದು ಪಾಸ್ಖ ಬಲಿಪೂಜೆಯ ಆರಂಭಗೀತೆಗೆ ಪೋಣಿಸಿದ ಪುಟ್ಟ ಹಾಡು ಮಾತ್ರ. ಅದನ್ನು ಬೆಳಗಿನ ಜಾವದ ಪ್ರಾರ್ಥನೆಗೆ ತಂದು, ಎದ್ದು ನಡೆಸುವುದು ಹೇಗೆಂದು ಬಿಡಿಸಿ ಬರೆದದ್ದು ವಿಂಚೆಸ್ಟರ್.

ಅವರ ಓದು ನಮ್ಮಂತಿರಲಿಲ್ಲ. ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟರು ಬರೆದ ನಿಯಮದ 48ನೆಯ ಅಧ್ಯಾಯದಲ್ಲಿ ಒಂದು ಚಿಕ್ಕ ಎಚ್ಚರಿಕೆ ಬರುತ್ತದೆ. ಪಾಸ್ಖದಿಂದ ಅಕ್ಟೋಬರ್‌ವರೆಗಿನ ದಿನಚರಿ ಹೇಳುತ್ತ ಅವರು, ಮಧ್ಯಾಹ್ನದ ಊಟವಾದ ಮೇಲೆ ಎಲ್ಲರೂ ಮೌನವಾಗಿ ಮಲಗಲಿ, ಯಾರಿಗಾದರೂ ಓದಬೇಕೆನಿಸಿದರೆ ಇತರರ ನಿದ್ದೆ ಕೆಡದಂತೆ ಓದಿಕೊಳ್ಳಲಿ ಎನ್ನುತ್ತಾರೆ. ಓದಿದರೆ ನಿದ್ದೆ ಕೆಡುವುದು ಹೇಗೆ? ಅಲ್ಲಿ ಓದು ಎಂದರೆ ತುಟಿ ಆಡಬೇಕು, ಗಂಟಲು ಅನುರಣಿಸಬೇಕು, ಕಿವಿ ಕೇಳಬೇಕು! ಹಸು ಮೆಲುಕು ಹಾಕುವಂತೆ ಓದಬೇಕೆಂಬುದು ಸನ್ಯಾಸಿಗಳೇ ಬಳಸುತ್ತಿದ್ದ ಹೋಲಿಕೆ. ವರ್ಷಕ್ಕೆ ವರ್ಷ ಹೀಗೆ ಓದಿದವನ ಒಳಗೆ ವಚನಗಳು ಸುಮ್ಮನಿರುತ್ತವೆಯೇ? ಒಂದು ಇನ್ನೊಂದನ್ನು ಕೂಗಿ ಕರೆಯುತ್ತದೆ. ಸಮಾಧಿಯ ತೋಟ ಸೆರೆಯ ತೋಟವನ್ನು ಎಬ್ಬಿಸುತ್ತದೆ, ಎರಡೂ ಸೇರಿ ಆದಿಯ ಏದೆನ್ ತೋಟವನ್ನು ಎಬ್ಬಿಸುತ್ತವೆ. 1957ರಲ್ಲಿ ಬೆನೆಡಿಕ್ಟ್ ಸಂಪ್ರದಾಯದ ವಿದ್ವಾಂಸ ಜಾನ್ ಲಕ್ಲೆರ್ಕ್ ಮಠಗಳ ಓದಿನ ಮೇಲೆ ಬರೆದ ಪುಸ್ತಕದಲ್ಲಿ ಈ ವಚನಗಳ ಕರೆ-ಓಗೊಡುವಿಕೆಯೇ ಸನ್ಯಾಸಿಗಳ ಬರಹದ ಗುಟ್ಟು ಎಂದು ತೋರಿಸಿಕೊಟ್ಟರು. ಅದನ್ನು ಓದಿದ ಮೇಲೆ ನನಗೆ ಆ ಸೈನಿಕರ ಉತ್ತರ ಹೆಂಗಸರ ಬಾಯಿಗೆ ಬಂದದ್ದು ತಪ್ಪೆಂದೂ ಅನಿಸಲಿಲ್ಲ, ಜಾಣತನವೆಂದೂ ಅನಿಸಲಿಲ್ಲ. ಮೆಲುಕಿನಲ್ಲಿ ತಾನಾಗಿ ಬೆರೆತ ರಸವದು.

ಬೆನೆಡಿಕ್ಟರ ಹೆಸರು ಬಂತಲ್ಲ, ಅವರ ಒಂದು ಕಥೆ ಹೇಳದೆ ಮುಂದೆ ಹೋಗಲಾರೆ. ಎಳೆಯ ವಯಸ್ಸಿನಲ್ಲಿ ಅವರು ರೋಮಿನ ಓದು ಬಿಟ್ಟು ಸುಬಿಯಾಕೋದ ಗುಹೆ ಸೇರಿದರು. ಅಲ್ಲಿ ಎಷ್ಟು ಒಂಟಿಯೆಂದರೆ ದಿನ ವಾರಗಳ ಲೆಕ್ಕವೇ ತಪ್ಪಿತ್ತು. ದೂರದಲ್ಲೊಬ್ಬ ಪಾದ್ರಿ ತನ್ನ ಹಬ್ಬದ ಅಡುಗೆ ಸಿದ್ಧಮಾಡಿಕೊಂಡು ಕೂತಾಗ, ದೇವರ ಸೇವಕನೊಬ್ಬ ಹಸಿದಿದ್ದಾನೆಂಬ ದರ್ಶನವಾಗಿ, ಊಟ ಹೊತ್ತುಕೊಂಡು ಬೆಟ್ಟ ಕಣಿವೆಯೆಲ್ಲ ಹುಡುಕಿ ಗುಹೆ ಮುಟ್ಟಿದನಂತೆ. ಏಳಪ್ಪಾ, ಊಟ ಮಾಡೋಣ, ಇವತ್ತು ಪಾಸ್ಖ ಎಂದರೆ ಬೆನೆಡಿಕ್ಟರಿಗೆ ಅದು ಗೊತ್ತೇ ಇಲ್ಲ. ನಿಮ್ಮನ್ನು ಕಂಡೆನಲ್ಲ, ಪಾಸ್ಖವೇ ಸರಿ ಎಂದರಂತೆ. ಹಬ್ಬವನ್ನೇ ಮರೆತ ಈ ಮನುಷ್ಯ ಮುಂದೆ ಬರೆದ ನಿಯಮದಲ್ಲಿ ವರ್ಷವೆಲ್ಲ ಆ ಹಬ್ಬದ ಸುತ್ತಲೇ ತಿರುಗುತ್ತದೆ! ತಪಸ್ಸುಕಾಲದಲ್ಲಿ ತಲೆಗೊಂದು ಪುಸ್ತಕ, ಮೊದಲಿನಿಂದ ಕೊನೆವರೆಗೆ ಬಿಡದೆ ಓದಬೇಕು. ಪಾಸ್ಖದಿಂದ ಪಂಚಾಶತ್ತಮದವರೆಗೆ ಉಪವಾಸವಿಲ್ಲ, ನಡುಹಗಲಿಗೆ ಊಟ, ಸಂಜೆ ಮತ್ತೊಂದು. ಆ ದಿನಗಳಲ್ಲೆಲ್ಲ ಅಲ್ಲೆಲೂಯ ಎಡೆಬಿಡದೆ ನುಡಿಯಬೇಕು. ಹೊಟ್ಟೆಗೂ ನಾಲಗೆಗೂ ಹಬ್ಬ ತಿಳಿಯಬೇಕೆಂಬ ಅವರ ಲೆಕ್ಕಾಚಾರ ನನಗೆ ಬಹಳ ಹಿಡಿಸಿತು.

ಆ ಅಲ್ಲೆಲೂಯದಿಂದ ಇನ್ನೊಂದು ಸೋಜಿಗ ಹುಟ್ಟಿದೆ. ಅದರ ಕೊನೆಯ ಸ್ವರವನ್ನು ಮಾತಿಲ್ಲದೆ ಎಳೆದೆಳೆದು ಹಾಡುವ ರೂಢಿ. ಪದಕ್ಕೆ ಸಿಗದ ಆನಂದ ಅದು. ಸಂತ ಗಾಲ್ ಮಠದಲ್ಲಿ ನೋಟ್ಕರ್ ಎಂಬ ತೊದಲುವ ಹುಡುಗನಿದ್ದ. ಅಷ್ಟುದ್ದದ ಆಲಾಪ ಅವನ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ನಾರ್ಮನ್ನರು ಹಾಳುಗೆಡವಿದ ಜೂಮಿಯೇಜ್ ಮಠದಿಂದ ಓಡಿಬಂದ ಪಾದ್ರಿಯ ಕೈಯಲ್ಲಿದ್ದ ಹಾಡಿನ ಪುಸ್ತಕದಲ್ಲಿ ಅಂಥ ಆಲಾಪಕ್ಕೆ ಮಾತು ಕೂಡಿಸಿದ್ದು ಅವನ ಕಣ್ಣಿಗೆ ಬಿತ್ತು. ತಾನೂ ಬರೆದು ಗುರು ಈಸೋನಿಗೆ ತೋರಿಸಿದ. ಸ್ವರದ ಒಂದೊಂದು ಚಲನೆಗೂ ಒಂದೊಂದೇ ಅಕ್ಷರ ಇರಲಿ ಎಂದು ಗುರು ತಿದ್ದಿದ. 880ರ ದಶಕದಲ್ಲಿ ಅವನು ಹೊರತಂದ ಗೀತಸಂಗ್ರಹದ ಮುನ್ನುಡಿಯಲ್ಲಿ ಇದನ್ನೆಲ್ಲ ಅವನೇ ಬರೆದಿದ್ದಾನೆ. ನಾಲಗೆ ತೊಡರುವವನು ಸ್ವರಕ್ಕೆ ಅಕ್ಷರ ಹಂಚಿದ!

ಇನ್ನು ಪೋಪ್ ಗ್ರೆಗರಿ. ಬೆನೆಡಿಕ್ಟರ ಗುಹೆಯ ಕಥೆ ನಮಗೆ ಸಿಕ್ಕಿದ್ದೂ ಇವರಿಂದಲೇ. ರೋಮಿನ ಚೇಲಿಯನ್ ಗುಡ್ಡದ ತಮ್ಮ ಮನೆಯನ್ನೇ ಮಠ ಮಾಡಿಕೊಂಡು ಸನ್ಯಾಸಿಯಾದವರು, 590ರಲ್ಲಿ ಒಲ್ಲೆನೆಂದರೂ ಬಿಡದೆ ಪೋಪ್ ಪದವಿಗೆ ಎಳೆಯಲ್ಪಟ್ಟವರು. ಆರೋಗ್ಯ ಕೆಟ್ಟಿತ್ತು, ಹಲವು ಪ್ರಬೋಧನೆಗಳನ್ನು ಬರೆಸಿ ಬೇರೆಯವರಿಂದ ಓದಿಸಬೇಕಾಗಿತ್ತು. ಅಂಥವರು ಪಾಸ್ಖದ ವಾರ ತಾವೇ ಎದ್ದು ನಿಂತು ಮಾತಾಡಿದರು. ಅವರ ಪ್ರಶ್ನೆಗಳನ್ನು ನೋಡಿ, ಎಷ್ಟು ಮಕ್ಕಳಂಥ ಪ್ರಶ್ನೆಗಳು! ಯೇಸು ಎದ್ದ ಮೇಲೆ ಪೇತ್ರ ಮತ್ತೆ ಮೀನು ಹಿಡಿಯಲು ಹೋದನಲ್ಲ, ಮತ್ತಾಯ ಮಾತ್ರ ಸುಂಕದ ಕಟ್ಟೆಗೆ ಏಕೆ ಹೋಗಲಿಲ್ಲ? ಮೀನುಗಾರಿಕೆ ಪಾಪವಿಲ್ಲದ ಕಸುಬು, ಬಿಟ್ಟರೂ ಮರಳಬಹುದು. ಸುಂಕದ ಕಟ್ಟೆಗೆ ಮರಳಿದವನು ಪಾಪದಿಂದ ಪಾರಾಗುವುದು ಕಷ್ಟ ಎನ್ನುತ್ತಾರೆ. ಮೊದಲು ನೀರಿನ ಮೇಲೆ ನಡೆದಿದ್ದ ಯೇಸು ಎದ್ದ ಮೇಲೆ ಏಕೆ ದಡದಲ್ಲಿ ನಿಂತರು? ಕಡಲು ಈ ಹೊಯ್ದಾಡುವ ಬದುಕು, ದಡ ಅಲುಗದ ನೆಲ. ಸಾವನ್ನು ದಾಟಿದವರಿಗೆ ಇನ್ನು ಅಲೆಗಳ ಹಂಗಿಲ್ಲ. ಅಂದು ಬಲೆಗೆ ಬಿದ್ದ ಮೀನು 153. ಆ ಸಂಖ್ಯೆಯನ್ನೂ ಇವರು ಬಿಡುವುದಿಲ್ಲ: ಹತ್ತು ಕಟ್ಟಳೆ, ಏಳು ವರಗಳು, ಸೇರಿ ಹದಿನೇಳು, ಅದನ್ನು ಮೂರರಿಂದ ಗುಣಿಸಿ ಮತ್ತೆ ಮೂರರಿಂದ ಗುಣಿಸಿ ಎನ್ನುತ್ತಾರೆ. ಅವರಿಗಿಂತ ಮುಂಚೆ ಸಂತ ಅಗಸ್ಟೀನರು ಒಂದರಿಂದ ಹದಿನೇಳರವರೆಗೆ ಕೂಡುತ್ತ ಹೋದರೂ ಅದೇ 153 ಎಂದು ತೋರಿಸಿದ್ದರು. ಬೇಕಾದರೆ ಕೂಡಿ ನೋಡಿ, ಸರಿಯಾಗಿದೆ! ಇಂಥ ಲೆಕ್ಕಕ್ಕೆ ಇಂದಿನ ಬೈಬಲ್ ವಿದ್ವಾಂಸರು ನಕ್ಕಾರು. ಒಂದು ಅಂಕಿಯೂ ಸುಮ್ಮನೆ ಬಿದ್ದಿಲ್ಲವೆಂದು ನಂಬಿ ಓದುವವರ ಹಸಿವು ನನಗೆ ಆ ನಗುವಿಗಿಂತ ದೊಡ್ಡದಾಗಿ ಕಂಡಿತು.

ಮಗ್ದಲದ ಮರಿಯಳ ಬಗ್ಗೆ ಅವರಾಡಿದ ಪ್ರಬೋಧನೆಯಂತೂ ಎದೆಗೇ ಬರುತ್ತದೆ. ಶಿಷ್ಯರು ಸಮಾಧಿ ನೋಡಿ ಮನೆಗೆ ಹೋದರು, ಅವಳು ಹೋಗಲಿಲ್ಲ. ಒಮ್ಮೆ ನೋಡಿಯಾಗಿತ್ತು, ಬರಿದಾಗಿದ್ದು ಗೊತ್ತಿತ್ತು, ಮತ್ತೆ ಏಕೆ ಬಗ್ಗಿ ನೋಡಿದಳು? ಪ್ರೀತಿಸುವವರಿಗೆ ಒಂದು ಸಲ ನೋಡಿದರೆ ಸಾಲದು ಎಂಬುದು ಗ್ರೆಗರಿಯವರ ಉತ್ತರ. ರಾತ್ರಿಯಲ್ಲಿ ಊರೆಲ್ಲ ಅಲೆದು ನಲ್ಲನನ್ನು ಅರಸುವ ಪರಮಗೀತೆಯ ಹೆಣ್ಣನ್ನು ತಂದು ಅವಳ ಪಕ್ಕದಲ್ಲಿ ನಿಲ್ಲಿಸುತ್ತಾರೆ. ಆಮೇಲೆ ಅವಳು ಯೇಸುವನ್ನು ತೋಟಗಾರನೆಂದುಕೊಂಡಳಲ್ಲ, ಆ ಸಾಲಿಗೆ ಬಂದು, ಅವಳು ತಪ್ಪಿಯೂ ತಪ್ಪಲಿಲ್ಲ ಎನ್ನುತ್ತಾರೆ: ಅವಳ ಎದೆಯಲ್ಲಿ ಬೀಜ ಬಿತ್ತಿದ ತೋಟಗಾರ ಅವರೇ ಅಲ್ಲವೇ? ಇಷ್ಟು ಕಂಡ ಕಣ್ಣು ಒಂದು ಅನ್ಯಾಯವನ್ನೂ ಮಾಡಿತು. ಲೂಕನಲ್ಲಿ ಬರುವ ಹೆಸರಿಲ್ಲದ ಪಾಪಿ ಹೆಣ್ಣೇ ಈ ಮರಿಯ ಎಂದು ಗ್ರೆಗರಿ ಒಂದುಗೂಡಿಸಿಬಿಟ್ಟರು. ಶುಭಸಂದೇಶದಲ್ಲಿ ಹಾಗಿಲ್ಲ. ಆ ಕಳಂಕ ತೊಳೆಯಲು ಸಾವಿರದ ನಾನೂರು ವರ್ಷ ಹಿಡಿಯಿತು. ಅವಳ ಸ್ಮರಣೆಯ ದಿನವನ್ನು ಪ್ರೇಷಿತರ ದಿನಗಳಂತೆ ಹಬ್ಬವಾಗಿ ಏರಿಸಿದ್ದು 2016ರಲ್ಲಿ, ಪೋಪ್ ಫ್ರಾನ್ಸಿಸರ ಕಾಲದಲ್ಲಿ.

ಈಗ ಮತ್ತೆ ವಿಂಚೆಸ್ಟರಿಗೆ ಬನ್ನಿ. ‘ರೆಗ್ಯುಲಾರಿಸ್ ಕಾನ್ಕಾರ್ಡಿಯಾ’ದ ಎರಡು ಪ್ರತಿಗಳಷ್ಟೇ ಉಳಿದಿವೆ, ಎರಡೂ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ. ಅವುಗಳಲ್ಲಿ ಒಂದರ ಅದೇ ರಟ್ಟಿನೊಳಗೆ ಇನ್ನೊಂದು ಪಠ್ಯ ಸೇರಿಕೊಂಡಿದೆ, ಹಳೆಯ ಇಂಗ್ಲಿಷಿನಲ್ಲಿ. ಮೌನದ ಹೊತ್ತಿನಲ್ಲಿ ಸನ್ಯಾಸಿಗಳು ಬಳಸಬೇಕಾದ ಕೈಸನ್ನೆಗಳ ಪಟ್ಟಿ ಅದು: 127 ಸನ್ನೆಗಳು! ಪುಸ್ತಕ ಬೇಕೆಂದರೆ ಒಂದು ಸನ್ನೆ, ಮೀನಿಗೆ ಒಂದು, ಉಪ್ಪಿಗೆ ಒಂದು. ಕೈ ಬೆರಳು ಮುಖದಲ್ಲೇ ದಿನವಿಡೀ ಮಾತಾಡುವ ಜನಕ್ಕೆ ಅಭಿನಯವನ್ನು ಯಾರಾದರೂ ಕಲಿಸಬೇಕೇ? ಇದು ನನ್ನ ಊಹೆ, ವಿದ್ವಾಂಸರ ತಲೆಗೆ ಕಟ್ಟುವುದಿಲ್ಲ. ಇದೇ ಊರಿನ ಮಠಗಾಯಕ ವುಲ್ಫ್‌ಸ್ಟನ್ ಅಲ್ಲಿನ ಆರ್ಗನ್ ವಾದ್ಯವನ್ನು ಲ್ಯಾಟಿನ್ ಪದ್ಯದಲ್ಲಿ ವರ್ಣಿಸಿದ್ದಾನೆ: ನಾನೂರು ಕೊಳವೆ, ಇಪ್ಪತ್ತಾರು ತಿದಿ, ತಿದಿಯೊತ್ತಲು ಬೆವರು ಸುರಿಸುವ ಎಪ್ಪತ್ತು ಆಳು. ಕವಿಯ ಬಾಯಿ ಎಷ್ಟು ದೊಡ್ಡದೋ! ಆ ಹಳೆಯ ದೇವಾಲಯವನ್ನು 1093ರಲ್ಲಿ ಕೆಡವಲು ಶುರುಮಾಡಿದರು. 1960ರ ದಶಕದ ಉತ್ಖನನದಲ್ಲಿ ಸಿಕ್ಕ ಅದರ ಅಡಿಪಾಯದ ಗುರುತನ್ನು ಈಗಿನ ಕೆಥೆಡ್ರಲ್‌ನ ಪಕ್ಕದ ಹುಲ್ಲಿನಲ್ಲಿ ಇಟ್ಟಿಗೆಯ ಗೆರೆಗಳಲ್ಲಿ ತೋರಿಸಿದ್ದಾರೆ; ಮೂವರು ತಡವರಿಸುತ್ತ ನಡೆದ ನೆಲದ ಮೇಲೆ ಇಂದು ಯಾರು ಬೇಕಾದರೂ ಓಡಾಡಬಹುದು.

ಮುಂದೆ ಆ ಪುಟ್ಟ ಸಂಭಾಷಣೆ ಯುರೋಪನ್ನೆಲ್ಲ ಸುತ್ತಿತು, ಸುತ್ತುತ್ತ ಬೆಳೆಯಿತು. ಕೆಲವು ಕಡೆ ಪೇತ್ರ ಮತ್ತು ಯೊವಾನ್ನ ಸಮಾಧಿಗೆ ಓಡುವ ದೃಶ್ಯ ಸೇರಿತು. ಇಗರ್ಜಿಯೊಳಗೇ ಓಟ, ಶುಭಸಂದೇಶದಲ್ಲಿರುವಂತೆ ಯೊವಾನ್ನನೇ ಮುಂದೆ. ಆದರೆ ಲಂಡನ್ ಬಳಿಯ ಬಾರ್ಕಿಂಗ್ ಕನ್ಯಾಮಠದಲ್ಲಿ ನಡೆದದ್ದಕ್ಕೆ ಯಾವುದೂ ಸಾಟಿಯಿಲ್ಲ. ಹದಿನಾಲ್ಕನೆಯ ಶತಮಾನ, ಮಠಾಧ್ಯಕ್ಷೆ ಕ್ಯಾಥರಿನ್ ಆಫ್ ಸಟನ್. ಜನರ ಭಕ್ತಿ ತಣ್ಣಗಾಗಿದೆ, ಅದನ್ನು ಕಾವೇರಿಸಬೇಕೆಂದು ಆಕೆ ಪಾಸ್ಖದ ವಿಧಿಯನ್ನೇ ಹೊಸದಾಗಿ ಹೊಂದಿಸಿದರು. ಮಠದ ಸಿಸ್ಟರುಗಳೆಲ್ಲ, ಮಠಾಧ್ಯಕ್ಷೆಯೂ ಸೇರಿ, ಮಗ್ದಲದ ಮರಿಯಳ ಚಿಕ್ಕ ಗುಡಿಯೊಳಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕು. ಅವರು ಪಾತಾಳದಲ್ಲಿ ಕಾದಿರುವ ಪೂರ್ವಿಕರ ಆತ್ಮಗಳು. ಹೊರಗೆ ಪಾದ್ರಿ ಬಂದು ಬಾಗಿಲು ಬಡಿಯುತ್ತಾರೆ, ಬಾಗಿಲು ತೆರೆಯುತ್ತದೆ, ಕೈಯಲ್ಲಿ ತಾಳೆಗರಿ, ಮೇಣದಬತ್ತಿ ಹಿಡಿದು ಅವರೆಲ್ಲ ಸಾಲಾಗಿ ಹೊರಗೆ ಬರುತ್ತಾರೆ. ಆಮೇಲೆ ಮೂವರು ಸಿಸ್ಟರುಗಳು ಬಿಳಿ ಬಟ್ಟೆ ಉಟ್ಟು ಸಮಾಧಿಗೆ ಬಂದ ಮೂವರು ಮರಿಯರಾಗುತ್ತಾರೆ. ವಿಂಚೆಸ್ಟರಿನಲ್ಲಿ ಮೀಸೆ ಬೋಳಿಸಿದ ಗಂಡಸರು ಹಾಡಿದ ಉತ್ತರ ಇಲ್ಲಿ ಹೆಣ್ಣುದನಿಗೆ ಬಂತು!

ನಮಗೂ ಇದಕ್ಕೂ ನಂಟಿಲ್ಲದಿಲ್ಲ. ಬೆನೆಡಿಕ್ಟರ ಅದೇ ನಿಯಮವನ್ನು ಹಿಡಿದು ನಡೆಯುವ ಆಶೀರ್ವನಂ ಮಠ ಬೆಂಗಳೂರಿನ ಕೆಂಗೇರಿಯ ಕಡೆ ಇದೆ. ಮುಂದೆ ತಮಿಳುನಾಡಿನ ಶಾಂತಿವನಂ ಆಶ್ರಮದಿಂದ ಹೆಸರಾದ ಇಂಗ್ಲಿಷ್ ಸನ್ಯಾಸಿ ಬೀಡ್ ಗ್ರಿಫಿತ್ಸ್ 1955ರಲ್ಲಿ ಭಾರತಕ್ಕೆ ಬಂದಾಗ ಮೊದಲು ನೆಲೆ ಹುಡುಕಿದ್ದೂ ಕೆಂಗೇರಿಯಲ್ಲೇ.

ಮತ್ತೆ ಆ ಹಾಡುಗಳ ಕಥೆಗೆ ಬರೋಣ. ಟ್ರೆಂಟ್ ಮಹಾಸಭೆಯ ನಂತರ, 1570ರಲ್ಲಿ ಹೊಸ ಪೂಜಾಗ್ರಂಥ ಬಂದಾಗ ಕತ್ತರಿ ಜೋರಾಗಿಯೇ ಆಡಿತು. ನೋಟ್ಕರನ ದಾರಿಯಲ್ಲಿ ಹುಟ್ಟಿ ಸಾವಿರಗಟ್ಟಲೆ ಬೆಳೆದಿದ್ದ ಗೀತೆಗಳಲ್ಲಿ ಉಳಿದದ್ದು ನಾಲ್ಕೇ. ಅವುಗಳಲ್ಲೊಂದು ಪಾಸ್ಖದ ಗೀತೆ, ಹನ್ನೊಂದನೆಯ ಶತಮಾನದ್ದು, ಚಕ್ರವರ್ತಿ ಎರಡನೆಯ ಕಾನ್ರಾಡನ ಪುರೋಹಿತ ವಿಪೋ ಬರೆದನೆಂದು ಸಾಮಾನ್ಯವಾಗಿ ಹೇಳುತ್ತಾರೆ. ಅದರಲ್ಲೂ ಯೆಹೂದ್ಯರನ್ನು ಹೀಗಳೆಯುವ ಒಂದು ನುಡಿಯನ್ನು ಆಗ ತೆಗೆದುಹಾಕಿದರು, ಒಳ್ಳೆಯದೇ ಆಯಿತು. ಉಳಿದ ಗೀತೆ ಇಂದಿಗೂ ಪಾಸ್ಖ ಭಾನುವಾರದ ಬಲಿಪೂಜೆಯಲ್ಲಿ, ಶುಭಸಂದೇಶ ವಾಚನಕ್ಕೆ ಮುಂಚೆ, ಬಿಡದೆ ಬರುತ್ತದೆ, ಮಂಗಳೂರಾಗಲಿ ಮೈಸೂರಾಗಲಿ ಮಿಲಾನಿನಾಚೆಯ ಯಾವುದೋ ಹಳ್ಳಿಯಾಗಲಿ. ಅದರ ನಡುವೆ ಇದ್ದಕ್ಕಿದ್ದಂತೆ ಗೀತೆಯ ದನಿ ಬದಲಾಗುತ್ತದೆ: ನೆರೆದವರು ಮರಿಯಳನ್ನು ನಿಲ್ಲಿಸಿಕೊಂಡು ದಾರಿಯಲ್ಲಿ ಏನು ಕಂಡೆ ಎಂದು ವಿಚಾರಿಸುತ್ತಾರೆ, ಅವಳು ಕಂಡದ್ದನ್ನು ಒಂದೊಂದಾಗಿ ಎಣಿಸಿ ಹೇಳುತ್ತಾಳೆ, ಆ ನಾರುಬಟ್ಟೆಯನ್ನೂ ಬಿಡದೆ.